ಹಳದಿ ಟೋಪಿಯ ಮೂರು ಪೆಟ್ಟು

ನಲ್ಲಿ ತೊಟ್ಟಿಕ್ಕುತ್ತಿದೆ, ಟಿಕ್ ಟಿಕ್ ಟಕ್, ನಮ್ಮ ಅಂಗಡಿಯ ನಲ್ಲಿಯಲ್ಲ, ಯಾರದೋ ಮನೆಯದು, ಯಾವ ಮೂಲೆಯದೋ ಏನೋ, ಆ ಮಹಾತಾಯಿ ಪ್ಲಂಬರನ್ನು ಕರೆಯುವುದು ಬಿಟ್ಟು ಫೋನು ಹಿಡಿದು ರೆಕಾರ್ಡ್ ಮಾಡಿ ಕಳಿಸಿದ್ದಾಳೆ, ಈಗ ಅದು ಕಂಪ್ಯೂಟರಿನ ಪರದೆಯ ಮೇಲೆ ಎಡದಿಂದ ಎರಡನೆಯ ಗೊಂಬೆಯ ಬಾಯಿಂದ ಬರುತ್ತಿದೆ, ಎಂಟು ಪೆಟ್ಟಿಗೊಂದು ಸುತ್ತು, ಮುಗಿದ ಕೂಡಲೇ ಮತ್ತೆ ಶುರುವಿಂದ, ಟಿಕ್ ಟಿಕ್ ಟಕ್ — ಮೂರನೆಯ ಗೊಂಬೆಗೆ ಲಿಫ್ಟಿನ ಬಾಗಿಲು ಹಾಕುತ್ತೇನೆ, ಕೆಂಪು ಟೋಪಿ, ಮೌಸಿನಿಂದ ಎಳೆದು ತಲೆ ಮೇಲಿಟ್ಟರೆ ಸಾಕು, ಗೊಂಬೆ ತಲೆ ಕುಣಿಸಲು ಶುರು, ಢಬ್, ಸ್ಸ್, ಢಬ್, ನಾಲ್ಕನೆಯದಕ್ಕೆ ನನ್ನ ಗ್ರೈಂಡಿಂಗ್ ಮಷೀನು, ಹೌದು ನನ್ನದೇ, ಈ ಹಿಂಕೋಣೆಯಲ್ಲಿ ನನ್ನ ಮೊಣಕೈ ಪಕ್ಕ ಈಗ ತೆಪ್ಪಗೆ ಕೂತಿದೆಯಲ್ಲ, ಕನ್ನಡಕದ ಗಾಜಿನ ಅಂಚು ತಿಕ್ಕುವ ಯಂತ್ರ, ಅದೇ, ಝ್ಝ್ ಝ್ಝ್ ಸ್ಸ್. ಏಳು ಗೊಂಬೆ ಸಾಲಾಗಿ ನಿಂತಿವೆ, ಕೆಳಗೆ ಬಣ್ಣಬಣ್ಣದ ಟೋಪಿ, ಒಂದೊಂದರಲ್ಲಿ ಒಂದೊಂದು ಸದ್ದು, ಯಾವ ಟೋಪಿ ಯಾರ ತಲೆಗೆ ಅನ್ನುವುದು ನನ್ನ ಇಷ್ಟ, ಇಡೀ ದಿನದಲ್ಲಿ ನನ್ನ ಇಷ್ಟ ನಡೆಯುವ ಜಾಗ ಇದೊಂದೇ. ದೊಡ್ಡ ಕಂಪನಿಯ ಇಂಥದೇ ಆಟವೊಂದಿದೆಯಂತೆ, ಇದು ಅದಲ್ಲ, ಅದನ್ನು ಆಡಿ ಹುಚ್ಚು ಹಿಡಿದವನೊಬ್ಬ ತಾನೇ ಕೂತು ಮಾಡಿದ್ದು, ತನ್ನನ್ನು ಗೂಬೆಮರಿ ಅಂತ ಕರೆದುಕೊಳ್ಳುತ್ತಾನೆ, ಗಂಡೋ ಹೆಣ್ಣೋ ಯಾರಿಗೆ ಗೊತ್ತು, ದುಡ್ಡಿಲ್ಲ ಕಾಸಿಲ್ಲ, ಬ್ರೌಸರಿನಲ್ಲಿ ತೆರೆದರೆ ಆಯಿತು, ನಿಮ್ಮ ಹತ್ತಿರ ಇರೋ ಸದ್ದು ಕಳ್ಸಿ, ನಾನು ಟೋಪಿ ಮಾಡ್ತೀನಿ ಅಂತ ಬರೆದಿದ್ದ, ನಾನು ಕಳಿಸಿದೆ. ಮೂವತ್ತಾರು ವರ್ಷ ಆಯ್ತು, ಇನ್ನೂ ಗೊಂಬೆ ಆಟ ಆಡ್ಕೊಂಡು ಕೂತಿದೀಯಲ್ಲೇ ಅನ್ನುತ್ತಾಳೆ ಅಕ್ಕ, ಹೌದು ಕಣೇ ಆಡ್ತೀನಿ, ಊಟದ ಡಬ್ಬಿ ಪಕ್ಕದಲ್ಲಿ ತೆರೆದದ್ದು ತೆರೆದ ಹಾಗೇ ಇದೆ, ಎರಡೂ ಇಪ್ಪತ್ತು, ಓನರ್ ಊಟಕ್ಕೆ ಮನೆಗೆ ಹೋಗಿದ್ದಾರೆ, ಮುಂದಿನ ಶಟರು ಅರ್ಧ ಎಳೆದಿದೆ, ಮೂರು ಗಂಟೆಗೆ ಬಸ್ಸಿನ ಡ್ರೈವರ್ ಬರುತ್ತಾನೆ. ಮೂರು ಗಂಟೆಗೆ. ಒಂದು ತುತ್ತೂ ಇಳಿಯುತ್ತಿಲ್ಲ.

ಐದನೆಯ ಗೊಂಬೆಯನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇನೆ, ಬೂದು ಬಣ್ಣದಲ್ಲಿ ಕೈ ಕಟ್ಟಿ ನಿಂತಿದೆ, ಅದಕ್ಕೆ ಹಳದಿ ಟೋಪಿ ಹಾಕಬೇಕು, ಹಾಕಲು ಧೈರ್ಯ ಬರುತ್ತಿಲ್ಲ, ಪರದೆಯ ಮೂಲೆಯಲ್ಲಿ ಗೂಬೆಮರಿಯ ಉತ್ತರ ಬಂದು ಕೂತಿದೆ, ಹಳದಿ ಟೋಪಿ ಬಗ್ಗೆ ಎಂದು ಅದರ ತಲೆಯ ಮೇಲೆ ಬರೆದಿದೆ, ಅದನ್ನು ತೆರೆಯಲೂ ಧೈರ್ಯ ಇಲ್ಲ. ಹಳದಿ ಟೋಪಿ ಅಂದರೆ ನಾನು. ನನ್ನ ಗಂಟಲು. ನಾನು ಉಗ್ಗುತ್ತೇನೆ, ಅದರಲ್ಲೇನು ಮುಚ್ಚುಮರೆ, ಸ್ಕೂಲಿನಲ್ಲಿ ಸ್ಟಾರ್ಟ್ ಆಗದ ಸ್ಕೂಟರ್ ಅನ್ನುತ್ತಿದ್ದರು, ಒದೀರೋ ಇವಳನ್ನ, ಸ್ಟಾರ್ಟ್ ಆಗ್ತಾಳೆ ಅನ್ನುತ್ತಿದ್ದರು, ಹಾಜರಿ ಕೂಗಿದಾಗ ಪಕ್ಕದ ತರಗತಿಯಿಂದ ಅಕ್ಕ ಓಡಿ ಬಂದು ನನ್ನ ಪರವಾಗಿ ಬಂದಿದಾಳೆ ಮೇಷ್ಟ್ರೇ ಅನ್ನುತ್ತಿದ್ದಳು, ಪಾಪ ಅಕ್ಕ, ಇವತ್ತಿಗೂ ಓಡಿ ಬರುವುದು ನಿಂತಿಲ್ಲ, ನಾನು ಬಾಯಿ ತೆರೆದರೆ ಸಾಕು, ಮುಂದಿನ ಪದ ಅವಳ ಬಾಯಲ್ಲಿ ರೆಡಿ, ಒಮ್ಮೊಮ್ಮೆ ನಾನು ಹೇಳಲಿದ್ದ ಪದವೇ ಬೇರೆ, ಆದರೂ ಹೂಂ ಅಂದುಬಿಡುತ್ತೇನೆ, ಹಾಗೆ ಹೂಂ ಅಂದೇ ಒಂದು ಸಲ ಬೇಡದ ಚಪ್ಪಲಿ ಕೊಂಡು ಎರಡು ವರ್ಷ ಮೆಟ್ಟಿದೆ. ಮ ಅನ್ನುವ ಅಕ್ಷರ ನನ್ನ ಹಗೆ. ಬಸ್ಸಿನಲ್ಲಿ ಮಾರ್ಕೆಟ್ ಅನ್ನಲಾಗದೆ ಆಸ್ಪತ್ರೆ ಅಂದು ಟಿಕೆಟ್ ತೆಗೆದುಕೊಂಡು ಎರಡು ಸ್ಟಾಪ್ ಮುಂದೆ ಇಳಿದು ಬಿಸಿಲಲ್ಲಿ ವಾಪಸ್ ನಡೆದು ಬಂದವಳು ನಾನು, ಒಂದು ಸಲ ಅಲ್ಲ, ನಾಲ್ಕು ವರ್ಷ. ಬಾಡಿಗೆ ಪದಗಳಲ್ಲಿ ಬದುಕಿದವಳು. ಥೂ.

ಆ ಸದ್ದು ಸಿಕ್ಕಿದ್ದು ಹೀಗೆ, ಎರಡು ತಿಂಗಳ ಹಿಂದೆ ಓನರ್ ಬ್ಯಾಂಕಿಗೆ ಹೋಗಿದ್ದ ಒಂದು ಮಧ್ಯಾಹ್ನ, ಇದೇ ಕೋಣೆ, ಗೋಡೆಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೆ, ಕಣ್ಣು ಪರೀಕ್ಷೆ ಮಾಡುವವರು ದಿನಕ್ಕೆ ನೂರು ಸಲ ಹೇಳುವ ಮಾತು, ಮೊದಲನೇದು ಚೆನ್ನಾಗಿದೆಯಾ, ಎರಡನೇದಾ, ಅಷ್ಟೇ, ಅದರ ಶುರುವಿನಲ್ಲೇ ನನ್ನ ಹಗೆ ಕಾಲು ಚಾಚಿ ಕೂತಿದೆ ನೋಡಿ. ಫೋನಿನಲ್ಲಿ ರೆಕಾರ್ಡ್ ಮಾಡಿದೆ, ಮೊ, ಮೊ, ಮೊ, ಆಮೇಲೆ ಗಂಟಲು ಬೀಗ ಹಾಕಿಕೊಂಡಿತು, ಏನೂ ಇಲ್ಲ, ಏನೂ ಇಲ್ಲ, ಏನೂ ಇಲ್ಲ, ಆಮೇಲೆ ದಲ, ನೇದು. ಕೇಳಿಸಿಕೊಂಡೆ, ಮೈಯೆಲ್ಲ ಉರಿದುಹೋಯಿತು, ಅಳಿಸಿಹಾಕಬೇಕೆಂದು ಬೆರಳು ಇಟ್ಟೆ, ಇನ್ನೊಂದು ಸಲ ಕೇಳಿಸಿಕೊಂಡೆ, ನನ್ನ ಕಾಲು ನೆಲ ತಟ್ಟುತ್ತಿತ್ತು, ಯಾರು ತಟ್ಟು ಅಂದರೋ ಅದಕ್ಕೆ, ತಟ್ಟುತ್ತಿತ್ತು, ಮೂರು ಪೆಟ್ಟು ಮೊ, ಮೂರು ಪೆಟ್ಟು ಖಾಲಿ, ಎರಡು ಪೆಟ್ಟು ದಲನೇದು, ಎಂಟಕ್ಕೆ ಎಂಟು, ಕೂದಲೆಳೆ ಆಚೆ ಈಚೆ ಇಲ್ಲ. ನನ್ನ ಗಂಟಲಿಗೆ ತಾಳ ಗೊತ್ತಿದೆ ಅಂತ ಮೂವತ್ತಾರನೆಯ ವರ್ಷದಲ್ಲಿ ನನಗೆ ಗೊತ್ತಾಯಿತು. ಸಿಟ್ಟಿನಲ್ಲೇ ಕಳಿಸಿದೆ, ತಗೊಳ್ಳಿ, ಕುಣೀರಿ ಅಂತ ಮನಸ್ಸಿನಲ್ಲೇ ಅಂದುಕೊಂಡು ಕಳಿಸಿದೆ. ಗೂಬೆಮರಿ ಗೊಂಬೆಯ ಚಿತ್ರ ಬರೆದು ತೋರಿಸಿದ, ಹಳದಿ ಟೋಪಿ, ದುಂಡನೆಯ ಕನ್ನಡಕ, ಆ ಖಾಲಿ ಮೂರು ಪೆಟ್ಟಿನಲ್ಲಿ ಗೊಂಬೆಯ ಬಾಯಿ ಮುಚ್ಚುವುದಿಲ್ಲ, ತೆರೆದೇ ಇರುತ್ತದೆ, ದುಂಡಗೆ, ಒಳಗೆ ಕಪ್ಪು, ಸದ್ದಿಲ್ಲ. ನಾನು ಹಾಗೇ ಕಾಣುತ್ತೇನೆ. ನನ್ನ ಮುಖವನ್ನು ನೋಡದವನು ನನ್ನ ಮುಖ ಬರೆದಿದ್ದ.

ಕಳೆದ ವಾರ ಆಟದಲ್ಲಿ ಬಂತು, ಓಡಿ ಹೋಗಿ ಟೋಪಿ ಹಾಕಿದೆ, ಮೊಮೊಮೊದಲನೇದು ಮೊಮೊಮೊದಲನೇದು, ಬಾಲಕ್ಕೆ ಬೆಂಕಿ ಹತ್ತಿದ ಹಾಗೆ ಓಡುತ್ತಿದೆ, ಬಾಯಿ ತೆರೆಯುವ ಮೊದಲೇ ಟಪ್ ಅಂತ ಮುಚ್ಚುತ್ತಿದೆ, ಖಾಲಿ ಮೂರು ಪೆಟ್ಟು ಮಾಯ. ಕೆಳಗೆ ಗೂಬೆಮರಿಯ ಟಿಪ್ಪಣಿ, ಕಳಿಸುವಾಗ ನೆಟ್ ಕಟ್ ಆಗಿತ್ತು ಅಂತ ಕಾಣುತ್ತೆ, ನಡುವೆ ಖಾಲಿ ಬಂದಿತ್ತು, ಗೊಂಬೆ ಸುಮ್ನೆ ಬಾಯಿ ತೆರ್ಕೊಂಡು ನಿಲ್ತಿತ್ತು, ನಾನು ಕ್ಲೀನ್ ಮಾಡಿದೀನಿ, ಥ್ಯಾಂಕ್ಸ್ ಏನೂ ಬೇಡ. ಕ್ಲೀನ್ ಮಾಡಿದನಂತೆ! ಎಂಟರಲ್ಲಿ ಮೂರು ಕತ್ತರಿಸಿದರೆ ಐದು, ಮಿಕ್ಕವರೆಲ್ಲ ಎಂಟಕ್ಕೆ ಸುತ್ತು ಬರುವಾಗ ನಾನೊಬ್ಬಳು ಐದಕ್ಕೇ ಬಂದು ಬಾಗಿಲು ಬಡಿಯುತ್ತೇನೆ, ನಲ್ಲಿಯ ಮೇಲೆ ಬೀಳುತ್ತೇನೆ, ಲಿಫ್ಟಿನ ಕಾಲು ತುಳಿಯುತ್ತೇನೆ, ಜನ ಬರೆದರು, ಈ ಹಳದಿ ಟೋಪಿ ತಾಳ ತಪ್ಪುತ್ತೆ ಗುರೂ, ತೆಗೆದುಹಾಕಿ, ಎಪ್ಪತ್ತು ಜನ ಹೂಂ ಹೂಂ ಅಂದರು. ನೋಡಿ ಹೇಗಿದೆ ನ್ಯಾಯ, ಕತ್ತರಿಸಿದವರು ನೀವು, ತಾಳ ತಪ್ಪಿದವಳು ನಾನು. ನಿನ್ನೆ ಊಟದ ಹೊತ್ತಿನಲ್ಲಿ ಇದೇ ಕುರ್ಚಿಯಲ್ಲಿ ಕೂತು ಬರೆದೆ, ನಡುವೆ ಇರೋದು ನೆಟ್ ಕಟ್ ಆಗಿದ್ದಲ್ಲ, ನಾನು ಉಗ್ಗೋದು ಹಾಗೆ, ಆ ಮೂರು ಪೆಟ್ಟು ನನ್ನದು, ವಾಪಸ್ ಇಡು, ಇಡೋಕಾಗಲ್ಲ ಅಂದ್ರೆ ಟೋಪಿನೇ ತೆಗೆದುಬಿಡು, ಅರ್ಧ ಮಾತ್ರ ಇಟ್ಕೋಬೇಡ. ಬರೆಯುವಾಗ ನಾನು ಉಗ್ಗುವುದಿಲ್ಲವಲ್ಲ, ಬೆರಳು ಬೆಂಕಿಯಾಗಿತ್ತು. ಅದಕ್ಕೇ ಉತ್ತರ ಬಂದು ಕೂತಿರುವುದು, ತೆರೆಯುವುದಿಲ್ಲ, ಮೂರು ಗಂಟೆ ಆದ ಮೇಲೆ ತೆರೆಯುತ್ತೇನೆ, ಒಂದೇ ದಿನ ಎರಡು ಕಡೆಯಿಂದ ಬೇಡ ಅನ್ನಿಸಿಕೊಳ್ಳುವಷ್ಟು ಗಟ್ಟಿ ಜೀವ ಅಲ್ಲ ನನ್ನದು.

ಓನರ್ ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಬೈದುಕೊಂಡು ಹಾಯಾಗಿ ಇರಬಹುದಿತ್ತು. ಟೆಸ್ಟಿಂಗ್ ರೂಮಿನಲ್ಲಿ ಕೂರುತ್ತಿದ್ದ ಹಳೆಯ ಟೆಸ್ಟರ್ ಹೋದ ತಿಂಗಳು ಬೇರೆ ಅಂಗಡಿ ಸೇರಿದ, ಕುರ್ಚಿ ಖಾಲಿಯಾಯಿತು, ನಾನು ಎರಡು ವರ್ಷ ಸಂಜೆ ಕೋರ್ಸಿಗೆ ಹೋಗಿ ಪಾಸಾಗಿದ್ದೇನೆ, ಸರ್ಟಿಫಿಕೇಟು ಇದೇ ಡ್ರಾಯರಿನಲ್ಲಿದೆ, ಕೊಡಿ ಸರ್ ಅಂತ ಚೀಟಿ ಬರೆದು ಕೊಟ್ಟೆ, ಓದಿ ಮಡಚಿ ಜೇಬಿಗಿಟ್ಟುಕೊಂಡರು, ನಿನ್ ಕೈ ಚಿನ್ನ ಕಣಮ್ಮ, ಆದ್ರೆ ಬಾಯಿ, ಅಂದು ನಿಲ್ಲಿಸಿದರು. ಹದಿನಾಲ್ಕು ವರ್ಷ ನನ್ನ ಮಾತನ್ನೆಲ್ಲ ತಾವೇ ಮುಗಿಸಿಕೊಟ್ಟ ಮನುಷ್ಯ ತನ್ನದೊಂದು ಮಾತನ್ನು ಮಾತ್ರ ಅರ್ಧಕ್ಕೆ ಬಿಟ್ಟರು, ಇದಕ್ಕೆ ನಗಬೇಕೋ ಅಳಬೇಕೋ. ಈಗ ಅವರೇ ಕಣ್ಣು ನೋಡುತ್ತಾರೆ, ನಾಲ್ಕು ನಿಮಿಷ, ಇದು ಚೆನ್ನಾಗಿದೆ ಅಲ್ವಾ, ಇದೂ ಸರಿ ಅಲ್ವಾ, ಆಯ್ತು ಬನ್ನಿ. ಅಲ್ವಾ ಅಂತ ಕೇಳಿದರೆ ಯಾರು ತಾನೇ ಅಲ್ಲ ಅಂದಾರು, ಕಣ್ಣು ತೋರಿಸಲು ಕೂತವರೆಲ್ಲ ಪರೀಕ್ಷೆಗೆ ಕೂತ ಮಕ್ಕಳಾಗಿಬಿಡುತ್ತಾರೆ, ಸರಿ ಉತ್ತರ ಯಾವುದು ಅಂತ ಹುಡುಕುತ್ತಾರೆ, ಕಾಣುವುದನ್ನು ಹೇಳುವುದಿಲ್ಲ, ಹೂಂ ಸರ್ ಚೆನ್ನಾಗಿದೆ ಸರ್, ಆಮೇಲೆ ಹದಿನೈದು ದಿನಕ್ಕೆ ಕನ್ನಡಕ ವಾಪಸ್, ತಲೆನೋವು, ಮೆಟ್ಟಿಲು ಓರೆಯಾಗಿ ಕಾಣುತ್ತೆ, ವಾಪಸ್ ಬಂದದ್ದೆಲ್ಲ ಬರುವುದು ಎಲ್ಲಿಗೆ, ನನ್ನ ಮಷೀನಿಗೆ, ಅವರ ಅಲ್ವಾ ಅಲ್ವಾಗಳನ್ನೆಲ್ಲ ಮತ್ತೆ ತಿಕ್ಕುವವಳು ನಾನು. ಈ ಡ್ರೈವರನ ಗಾಜು ಎರಡು ಸಲ ತಿಕ್ಕಿದ್ದೇನೆ, ನಿನ್ನೆ ಮೂರನೆಯ ಸಲ ಬಂದು ಕೌಂಟರ್ ಗುದ್ದಿದ, ಎದುರು ಬರೋ ಗಾಡಿ ದೀಪಕ್ಕೆಲ್ಲ ಬಾಲ ಬಂದಿದೆ ಕಣ್ರೀ, ಸೋಮವಾರ ಡಿಪೋದಲ್ಲಿ ಕಣ್ಣು ನೋಡ್ತಾರೆ, ಫೇಲಾದ್ರೆ ಸ್ಟೇರಿಂಗ್ ಬಿಡಿಸಿ ಆಫೀಸಲ್ಲಿ ಕೂರಿಸ್ತಾರೆ, ಹೊಣೆ ಯಾರು ಅಂತ ಕೂಗಿದ, ನಾನು ಈ ಬಾಗಿಲಿಗೆ ಬಂದು ನಿಂತೆ, ನಾನು ನೋಡ್ತೀನಿ ಅಂದೆ, ಒಂದು ಅಕ್ಷರವೂ ಸಿಕ್ಕಿಕೊಳ್ಳಲಿಲ್ಲ, ನ ನನಗೆ ಹಗೆಯಲ್ಲ. ಓನರ್ ನನ್ನ ಮುಖ ನೋಡಿದರು, ಡ್ರೈವರನ ಮುಖ ನೋಡಿದರು, ನಾಳೆ ಮೂರು ಗಂಟೆಗೆ ಬನ್ನಿ, ಇವಳೇ ನೋಡ್ತಾಳೆ ಅಂದರು, ಅವನು ಹೋದ ಮೇಲೆ ಬೀಗದ ಕೈ ಗೊಂಚಲು ಬೆರಳಲ್ಲಿ ತಿರುಗಿಸುತ್ತ ನನಗೆ, ಇದೊಂದು ಸಲ, ಅವನು ಬೇಜಾರು ಮಾಡ್ಕೊಂಡ, ಇಲ್ಲಾ ಕನ್ನಡಕ ಮತ್ತೆ ವಾಪಸ್ ಬಂತು ಅಂದ್ರೆ ಆ ಕುರ್ಚಿ ಸುದ್ದಿ ಎತ್ತಬಾರದು, ಆಯ್ತಾ. ಆಯ್ತು. ಬೆಳಿಗ್ಗೆ ಅಕ್ಕ, ಬೇರೆ ಪದ ಹಾಕೇ, ಒಂದಾ ಎರಡಾ ಅಂದ್ರೆ ಆಗಲ್ವಾ, ಒ ನಿಂಗೆ ಸಲೀಸು ಅಂದಳು, ನಾನೂ ಬಂದು ಪಕ್ಕದಲ್ಲಿ ನಿಂತ್ಕೊಳ್ಲಾ ಅಂತ ಮತ್ತೆ ಈಗ ಫೋನಿನಲ್ಲಿ, ಬೇಡ ಕಣೇ ಅಂದೆ, ಅವಳಿಗೆ ನೋವಾಯಿತು, ಆಗಲಿ. ಒಂದಾ ಎರಡಾ ಅಂದರೆ ಆಗುತ್ತದೆ, ಗೊತ್ತು. ಅನ್ನುವುದಿಲ್ಲ. ಇನ್ನು ಎರಡು ಸ್ಟಾಪ್ ಮುಂದೆ ಇಳಿದು ನಡೆಯಲಾರೆ. ಕೋರ್ಸಿನಲ್ಲಿ ಕಲಿತ ಮಾತು ಮೊದಲನೇದು, ನಾನು ಮೊದಲನೇದು ಅಂತಲೇ ಕೇಳುತ್ತೇನೆ, ಎಷ್ಟು ಹೊತ್ತಾದರೂ ಸರಿ.

ಎರಡೂ ನಲವತ್ತೈದು, ತೆರೆದೇ ಬಿಡುತ್ತೇನೆ, ಏನಾದರೂ ಆಗಲಿ, ಕ್ಲಿಕ್ — ಅಯ್ಯೋ ಸಾರಿ, ನನಗೆ ತಲೆಗೇ ಹೋಗಲಿಲ್ಲ, ನಾನು ಕ್ಲೀನ್ ಮಾಡ್ತಿದೀನಿ ಅಂದ್ಕೊಂಡಿದ್ದೆ, ಮೂರೂ ಪೆಟ್ಟು ವಾಪಸ್ ಇಟ್ಟಿದೀನಿ, ಪೇಜ್ ರಿಫ್ರೆಶ್ ಮಾಡಿ ನೋಡಿ, ಆಮೇಲೆ ಒಂದು ಮಾತು, ಖಾಲಿ ಇದ್ದಾಗಲೇ ಅದು ಚೆನ್ನಾಗಿರೋದು. ಇಷ್ಟೇ. ರಿಫ್ರೆಶ್, ಹಳೆಯ ಕಂಪ್ಯೂಟರು, ಬಿಳಿ ಪರದೆ ಉಸಿರು ಕಟ್ಟಿ ನಿಂತಿದೆ, ಬಾ ತಾಯಿ ಬಾ, ಬಂತು, ನಲ್ಲಿ, ಲಿಫ್ಟು, ನನ್ನ ಮಷೀನು, ಕೊನೆಗೆ ಐದನೆಯ ಗೊಂಬೆಗೆ ಹಳದಿ ಟೋಪಿ, ಮೊ, ಮೊ, ಮೊ, ಬಾಯಿ ತೆರೆಯಿತು, ತೆರೆದೇ ಇದೆ, ಟಿಕ್ ಟಿಕ್ ಟಕ್, ಆ ತೆರೆದ ಬಾಯಿಯ ಕೆಳಗೆ ನಲ್ಲಿ ಕೇಳಿಸುತ್ತಿದೆ, ಇಷ್ಟು ದಿನ ಸರಿಯಾಗಿ ಕೇಳಿಸದ ನಲ್ಲಿ, ದಲ, ನೇದು. ಮತ್ತೆ. ಮೊ, ಮೊ, ಮೊ, ಬಾಯಿ ತೆರೆದಿದೆ, ಯಾರೂ ಒಳಗೆ ನುಗ್ಗುವುದಿಲ್ಲ, ಏಳು ಗೊಂಬೆಗಳಲ್ಲಿ ಒಂದಕ್ಕೂ ಅವಸರ ಇಲ್ಲ, ದಲ, ನೇದು, ಎಲ್ಲರೂ ಎಂಟಕ್ಕೆ ಒಟ್ಟಿಗೆ ತಿರುಗಿದರು, ನಾನೂ ತಿರುಗಿದೆ. ಕಣ್ಣಲ್ಲಿ ನೀರು ಬಂತು, ಬರಲಿ, ಯಾರಿದ್ದಾರೆ ನೋಡಲು, ಎರಡು ತುತ್ತು ಇಳಿಯಿತು ಕೂಡ. ಶಟರು ಕಿರುಗುಟ್ಟುತ್ತಿದೆ, ಬೀಗದ ಕೈ ಗೊಂಚಲಿನ ಸದ್ದು, ಓನರ್ ಬಂದರು, ಹಿಂದೆಯೇ ಭಾರದ ಬೂಟು, ಎಲ್ರೀ ನಿಮ್ಮ ಡಾಕ್ಟ್ರಮ್ಮ ಅನ್ನುವ ಗಂಟಲು, ಇವನು ಹತ್ತು ನಿಮಿಷ ಮುಂಚೆಯೇ ಬಂದಿದ್ದಾನೆ.

ಟೆಸ್ಟಿಂಗ್ ರೂಮು ಕತ್ತಲು, ಅಕ್ಷರದ ಬೋರ್ಡು ಮಾತ್ರ ಬೆಳ್ಳಗೆ ಉರಿಯುತ್ತಿದೆ, ಬಾಗಿಲಲ್ಲಿ ಓನರ್, ಕುರ್ಚಿಯಲ್ಲಿ ಡ್ರೈವರ್, ಹೊರಗೆ ಕೌಂಟರ್ ಗುದ್ದಿದವನು ಇಲ್ಲಿ ಕೂತ ಕೂಡಲೇ ಗಲ್ಲ ಎತ್ತಿ, ಕೈ ಎರಡೂ ತೊಡೆಯ ಮೇಲೆ, ಒಂದನೇ ಕ್ಲಾಸಿನ ಮಗು. ಬೇಗ ಮುಗಿಸ್ರಮ್ಮ, ಮೂರೂವರೆಗೆ ಗಾಡಿ ಎತ್ತಬೇಕು ಅನ್ನುತ್ತಾನೆ, ನಾನು ಪರೀಕ್ಷೆಯ ಫ್ರೇಮು ಅವನ ಮೂಗಿಗೆ ಕೂರಿಸುತ್ತೇನೆ, ಎಡಗಣ್ಣು ಮುಚ್ಚುತ್ತೇನೆ, ಹಳೆಯ ಪವರಿನ ಗಾಜು ಹಾಕುತ್ತೇನೆ, ಕೈ ಚಿನ್ನ ಅಂದವರೇ ನೋಡುತ್ತಿದ್ದಾರೆ. ಹಿಡಿಯಿರುವ ಸಣ್ಣ ಗಾಜು ತೆಗೆದು ಅವನ ಕಣ್ಣ ಮುಂದೆ ಹಿಡಿದೆ, ಇದನ್ನು ತಿರುವಿಹಾಕಿದರೆ ಎರಡು ನೋಟ, ಯಾವುದು ನಿಚ್ಚಳ ಅಂತ ಅವನೇ ಹೇಳಬೇಕು, ಬಾಯಿ ತೆರೆದೆ, ಮೊ, ಮೊ, ಮೊ, ಬೀಗ ಬಿತ್ತು, ಮೊದಲನೇದು ಚೆನ್ನಾಗಿದೆ ಅಲ್ವಾ ಅಂತ ಬಾಗಿಲಿನಿಂದ ಓನರ್, ಹೂಂ ಸರ್ ಚೆನ್ನಾಗಿದೆ ಅಂತ ಡ್ರೈವರ್, ಎರಡನೆಯದನ್ನು ನಾನಿನ್ನೂ ತೋರಿಸಿಯೇ ಇಲ್ಲ! ಮುಗಿಯಿತು, ಇಷ್ಟಕ್ಕೇ ಬಿಟ್ಟರೆ ಐದು ನಿಮಿಷದಲ್ಲಿ ಅವನು ಖುಷಿಯಾಗಿ ಎದ್ದು ಹೋಗುತ್ತಾನೆ, ಓನರಿಗೂ ಸಮಾಧಾನ, ಕುರ್ಚಿ ಇವತ್ತೇ ನನ್ನದು, ಹದಿನೈದು ದಿನ ನನ್ನದು, ಸೋಮವಾರ ದೀಪಕ್ಕೆ ಬಾಲ ಇದ್ದರೆ ಇರಲಿ, ಅದು ಅವನ ಹಣೆಬರಹ, ಹೂಂ ಅನ್ನು, ಹೂಂ ಅಂದು ರೂಢಿ ಇದೆಯಲ್ಲ ನಿನಗೆ, ಬೇಡದ ಚಪ್ಪಲಿ ಮೆಟ್ಟಿ ನಡೆದವಳಲ್ಲವಾ. ಇಲ್ಲ. ಗಾಜನ್ನು ಕೆಳಗಿಳಿಸಿದೆ, ಮತ್ತೆ ಎತ್ತಿ ಹಿಡಿದೆ, ಮತ್ತೆ ಅಲ್ಲಿಂದಲೇ.

ಮೊ, ಮೊ, ಮೊ, ಓನರ್ ಉಸಿರು ಎಳೆದುಕೊಂಡದ್ದು ಕೇಳಿಸಿತು, ಈಗ ನುಗ್ಗುತ್ತಾರೆ, ತಿರುಗಿ ನೋಡದೆ ಎಡಗೈ ಎತ್ತಿದೆ, ಅಂಗೈ ಅವರ ಕಡೆಗೆ, ನಡುರಸ್ತೆಯಲ್ಲಿ ನಿಂತು ಗಾಡಿ ತಡೆಯುವ ಹಾಗೆ, ಡ್ರೈವರನ ಬಲಗಾಲು ತನ್ನಷ್ಟಕ್ಕೆ ನೆಲ ಒತ್ತಿತು, ಬ್ರೇಕು, ಓನರ್ ನಿಂತರು, ಎಲ್ಲ ನಿಂತಿತು. ಗೋಡೆಯ ಫ್ಯಾನಿನ ಕಟಕಟ, ಅವನ ಉಸಿರು, ನನ್ನ ಬಾಯಿ ತೆರೆದಿದೆ, ಗೊತ್ತು, ದುಂಡಗೆ, ಒಳಗೆ ಕಪ್ಪು, ನೋಡಿ, ಇಬ್ಬರೂ ನೋಡಿ, ನೋಡಲಿಕ್ಕೇ ಇಟ್ಟಿದ್ದೇನೆ — ಅವನು ನನ್ನ ಬಾಯಿ ನೋಡುತ್ತಿಲ್ಲ, ಬೋರ್ಡು ನೋಡುತ್ತಿದ್ದಾನೆ, ಕಣ್ಣು ಕಿರಿದು ಮಾಡುತ್ತಿದ್ದಾನೆ, ಮಾಡಲು ಬೇರೇನೂ ಕೆಲಸವಿಲ್ಲದ್ದರಿಂದ ನಿಜವಾಗಿ ನೋಡುತ್ತಿದ್ದಾನೆ. ದಲ, ನೇದು. ತಿರುವಿದೆ, ಎರಡನೇದಾ? ಇರಿ ಇರಿ, ಇನ್ನೊಂದು ಸಲ ತೋರ್ಸಿ ಅಂದ, ಹೂಂ ಅನ್ನುವವನು ಇರಿ ಅಂದ, ತೋರಿಸಿದೆ, ಮತ್ತೆ ಮೊ, ಮೊ, ಮೊ, ಮತ್ತೆ ಮೂರು ಪೆಟ್ಟು, ಯಾರೂ ಬರಲಿಲ್ಲ, ದಲನೇದು, ಎರಡನೇದು, ಅವನು ಕುರ್ಚಿಯಲ್ಲಿ ಮುಂದೆ ಬಾಗಿದ, ಎರಡನೇದು ಕಣಮ್ಮ, ಎರಡನೇದೇ. ಗಾಜಿನ ಓರೆ ತಿದ್ದಿದೆ, ಮತ್ತೆ ಕೇಳಿದೆ, ಮತ್ತೆ ತಿದ್ದಿದೆ, ಕೊನೆಗೆ ಸಣ್ಣ ಟಾರ್ಚು ಹಚ್ಚಿ ಕೋಣೆಯ ಆ ಮೂಲೆಯಲ್ಲಿಟ್ಟೆ, ಎದುರು ಬರುವ ಗಾಡಿಯ ದೀಪದ ಹಾಗೆ, ಅವನು ತುಂಬ ಹೊತ್ತು ನೋಡಿದ, ಬಾಲ ಇಲ್ಲ ರೀ ಅಂದ, ದನಿ ಸಣ್ಣದಾಗಿತ್ತು, ಯಾಕ್ರೀ ಇಷ್ಟು ದಿನ ಯಾರೂ ಹೀಗೆ ಕೇಳ್ಲಿಲ್ಲ ಅಂದ. ಮೂರು ಇಪ್ಪತ್ತೈದು, ಗಾಡಿ ಎತ್ತಬೇಕಲ್ಲಾ ಅಂತ ಓನರ್ ನೆನಪಿಸಿದರೆ, ಎತ್ತೋಕೆ ಬೇರೆಯವನಿದಾನೆ, ಈಗಲೇ ಫೋನ್ ಮಾಡ್ತೀನಿ, ನೀವು ಸುಮ್ನಿರಿ ಸಾರ್ ಅಂದ.

ಓನರ್ ಕಡೆಯಿಂದ ಗೊಂಚಲಿನ ಸದ್ದು, ಉಗುರಿನಿಂದ ಏನೋ ಬಿಡಿಸುತ್ತಿದ್ದಾರೆ, ಬರುತ್ತಿಲ್ಲ, ಬಯ್ದುಕೊಳ್ಳುತ್ತಿದ್ದಾರೆ, ಬಂತು, ಮೇಜಿನ ಮೇಲೆ ಟಕ್ ಅಂತ ಇಟ್ಟರು, ಒಂದೇ ಒಂದು ಬೀಗದ ಕೈ, ಈ ರೂಮಿನದು. ಆ ಕಣ್ಣೂ ನೋಡಮ್ಮ, ಅವಸರ ಇಲ್ಲ ಅಂದು ಪರದೆ ಎಳೆದುಕೊಂಡು ಹೊರಗೆ ಹೋದರು, ಕೆಟ್ಟವರಲ್ಲ ಅಂದೆನಲ್ಲ, ಆದರೆ ಧನ್ಯವಾದ ಗಿನ್ಯವಾದ ಅನ್ನುವುದಿಲ್ಲ, ಎರಡು ವರ್ಷ ಓದಿ ಪಾಸಾದವಳು ನಾನು. ಡ್ರೈವರ್ ಫೋನು ಮುಗಿಸಿ ಮತ್ತೆ ಗಲ್ಲ ಎತ್ತಿ ಕೂತ, ಬಲಗಣ್ಣು ಮುಚ್ಚಿದೆ, ಎಡಗಣ್ಣಿಗೆ ಗಾಜು, ಸಣ್ಣ ಗಾಜಿನ ಹಿಡಿ ಬೆರಳ ನಡುವೆ, ಒ ಸಲೀಸು ಕಣೇ ಅನ್ನುತ್ತಿದ್ದಾಳೆ ಅಕ್ಕ ತಲೆಯೊಳಗೆ, ಗೊತ್ತು ಬಿಡೇ, ಬೋರ್ಡು ಉರಿಯುತ್ತಿದೆ, ಮೇಜಿನ ಮೇಲೆ ಬೀಗದ ಕೈ, ಹಿಂಕೋಣೆಯಲ್ಲಿ ಆಟ ನಿಲ್ಲಿಸುವುದನ್ನು ಮರೆತು ಬಂದಿದ್ದೇನೆ, ಕೇಳಿಸುತ್ತಿದೆ, ಸಣ್ಣಗೆ, ನಲ್ಲಿ, ಲಿಫ್ಟು, ಮಷೀನು, ಅವನು ಕಾಯುತ್ತಿದ್ದಾನೆ, ಕಾಯಲಿ, ಮೊ, ಮೊ, ಮೊ, ಹಳದಿ ಟೋಪಿ, ಬಾಯಿ ತೆರೆದಿದೆ, ಟಿಕ್, ಬಾಯಿ ತೆರೆದಿದೆ, ಟಿಕ್, ಯಾರೂ ಬರುವುದಿಲ್ಲ, ತೆರೆದ ಬಾಯಿ —